ಊರಗಲದ ಕಂಬಳಿ

“ಇಷ್ಟು ವಜ್ಜೆ ಮ್ಯಾಕೆ ಎದ್ದೀತಾ?” ಮಾಳಮ್ಮ ಯಾರನ್ನೂ ನೋಡದೆ ಕೇಳಿದಳು.

ಬಿಸಿಲು ವರ್ಷವಿಡೀ ಮೈ ಸುಡತೊಡಗಿದ ಮೇಲೆ ಹಳ್ಳಿಗಳಿಗೆ ನೆರಳು ಪಟ್ಟಣದಿಂದ ಬರುತ್ತಿತ್ತು. ದಿನಕ್ಕೆರಡು ಗಂಟೆ ಹಾರುಚಪ್ಪರವೊಂದು ಊರಿನ ಮೇಲೆ ನಿಲ್ಲುವುದು. ಅಷ್ಟರಲ್ಲೇ ಬಿತ್ತಬೇಕು, ನೀರು ತರಬೇಕು. ಅದು ಬಾರದ ದಿನ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಸಂಘ ಕಟ್ಟಲು ಬಂದ ವಿನೋದಾ, ಕಂಬಳಿ ನೇಯುವ ಮಾಳಮ್ಮ ಮತ್ತು ಊರ ಹೆಂಗಸರ ಜೊತೆ ಏಳು ವರ್ಷ ಕೂತು, ಊರಿಗೆ ನೆರಳಾಗಲೆಂದು ಊರಗಲದ ಕಂಬಳಿಯೊಂದನ್ನು ನೇಯಿಸಿದ್ದಳು. ನಾಳೆ ಅವಳು ಬೇರೆ ಊರಿಗೆ ಹೊರಡುವವಳು. ಇಂದು ಇವರಿಂದಲೇ ಅದನ್ನು ಊರ ಸುತ್ತಲ ಕಂಬಗಳಿಗೆ ಏರಿಸಲಾಗದಿದ್ದರೆ ಮತ್ತೆ ಹಾರುಚಪ್ಪರಕ್ಕೇ ಕಾಯಬೇಕು.

ಹಗ್ಗಕ್ಕೆ ಕೈಮುಗಿದು, ಕುಲದೈವ ಬೀರಪ್ಪನ ಪದ ಹೇಳುತ್ತ ಅರವತ್ತು ಹೆಂಗಸರು ಜಗ್ಗಿದರು. ಕರಿ ಕಂಬಳಿ ಕಂಬಗಳ ತುದಿಗೆ ಏರತೊಡಗಿತು. ಶಾಲೆಯ ಅಂಗಳ ತಂಪಾಯಿತು. ಪಡುವಣ ಮೂಲೆ ಮಾತ್ರ ಜೋತುಬಿದ್ದಿತ್ತು.

“ಜೋರಾಗಿ ಹೇಳ್ರೇ! ಬಾಯಾಗೇನು ಮುದ್ದೆ ಇಟ್ಕಂಡೀರಾ?” ಮಾಳಮ್ಮ ಗದರಿದಳು. ಹೆಂಗಸರು ನಗುತ್ತಲೇ ಪದ ಏರಿಸಿದರು. ಮೂಲೆ ಮೊಳದಷ್ಟು ಎದ್ದಿತು.

ವಿನೋದಾ ತಡೆಯಲಾರದೆ ಓಡಿಬಂದಳು. “ಮಾಳಮ್ಮ, ನಾನೂ ಒಂದು ಕೈ ಹಿಡೀತೀನಿ. ಇದೊಂದೇ ಸಲ.”

ಮಾಳಮ್ಮ ಹಿಡಿದ ಹಗ್ಗ ಬಿಡದೆ, ಅದಕ್ಕೆ ಅಡ್ಡಲಾಗಿ ಮೈಯೊಡ್ಡಿ ನಿಂತಳು.

“ಬ್ಯಾಡ ಕಣವ್ವ, ಮುಟ್ಟಬ್ಯಾಡ. ನಾಳೆ ನೀನಿರಲ್ಲ, ನಾವೇ ಎತ್ತಬೇಕು. ನೀನು ನೆರಳಾಗೆ ಕುಂತ್ಕೋ.”