ಐದಿಂಚಿನ ಚೌಕ

ಅಯ್ಯಣ್ಣ ಸಾವುಕಾರ ಹಸಿರು ಸೀರೆಯೊಂದನ್ನು ನಡುವೆ ಹರಿದು, ಒಂದು ಪಾಲನ್ನು ಮೋನಮ್ಮನ ಮಡಿಲಿಗೆ ಹಾಕಿದ. ಇನ್ನೊಂದನ್ನು ಬಟ್ಟೆ ಕತ್ತರಿಸುವ ಹೊಸ ಮಷೀನಿನ ಮುಂದೆ ನಿಂತಿದ್ದ ಕುಬ್ರಾಬೇಗಂಳ ಕೈಗೆ ಕೊಟ್ಟ.

“ಇಬ್ಬರೂ ಐದಿಂಚಿನ ಚೌಕ ಇಪ್ಪತ್ತಿಪ್ಪತ್ತು ಕತ್ತರಿಸ್ರಿ. ಯಾರದು ಅಳತಿಗೆ ಬರ್ತದ, ನಾಳಿಂದ ಕೌದಿ ತುಂಡು ಕತ್ತರಿಸೋ ಕೆಲಸ ಅವರದು,” ಅಂದವನೇ ಫೋನನ್ನು ಕಿವಿಗೆ ಹಚ್ಚಿಕೊಂಡು ಹೊರಗೆ ಹೋದ.

ರಂಗಂಪೇಟೆಯ ಆ ಕೋಣೆಯಲ್ಲಿ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವವರು ಹತ್ತು ಮಂದಿ, ಕತ್ತರಿಸುವವಳು ಮೋನಮ್ಮ ಒಬ್ಬಳೇ. ಕಾಲುವೆಗೆ ನೀರು ಬಿಟ್ಟ ವಾರವಾದ್ದರಿಂದ ಹೊಲಿಯುವವರೆಲ್ಲ ಭತ್ತದ ನಾಟಿಗೆ ಹೋಗಿದ್ದರು. ಈ ಕತ್ತರಿ ಕೈತಪ್ಪಿದರೆ ಮೋನಮ್ಮನೂ ಹೋಗಬೇಕು, ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಲ್ಲಬೇಕು. ಅವಳ ಮೊಣಕಾಲುಗಳೋ, ಒಮ್ಮೆ ಕುಂತರೆ ಏಳಲು ಒಲ್ಲೆ ಅನ್ನುವಂಥವು. ಮೋನಮ್ಮನಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಕುಬ್ರಾ ಯಾದಗಿರಿಯಲ್ಲಿ ಎಂಟು ದಿನ ತರಬೇತಿ ಮುಗಿಸಿ ಬಂದವಳು. ಅಲಗು ಕೂರಿಸಿದ ಅಚ್ಚಿನ ಹಲಗೆಯ ಮೇಲೆ ಬಟ್ಟೆಯನ್ನು ನಾಲ್ಕು ಪದರ ಹಾಸಿ, ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹಿಡಿಕೆ ತಿರುಗಿಸಿದಳು. ಗಾಣಕ್ಕೆ ಕಬ್ಬು ಕೊಟ್ಟ ಹಾಗೆ ಹಲಗೆ ಎರಡು ಉರುಳೆಗಳ ನಡುವೆ ಈಚೆ ಹೊಕ್ಕು ಆಚೆ ಬಂತು. ಇಷ್ಟೇ ಕೆಲಸ. ಅವಳದು ಇಪ್ಪತ್ತೂ ಮುಗಿದಾಗ ಮೋನಮ್ಮ ಮೂರನೆಯ ಚೌಕದಲ್ಲಿದ್ದಳು.

ಅಂತೂ ಇಂತೂ ಮೋನಮ್ಮನದೂ ಮುಗಿದು, ಚೌಕಗಳ ಎರಡು ಗುಂಪುಗಳು ಬೆಂಚಿನ ಮೇಲೆ ಕೂತವು. ಸಾವುಕಾರ ಒಳಗೆ ಬಂದ. ಸ್ಟೀಲಿನ ಅಳತೆಪಟ್ಟಿ ತೆಗೆದು ಎಡಗಡೆಯ ಗುಂಪಿನ ಮೇಲಿಟ್ಟ. ಐದು. ತಿರುಗಿಸಿ ಇಟ್ಟ. ಐದು. ಹತ್ತು ತುಂಡು ಅಳೆದರೂ ಒಂದು ಎಳೆ ಆಚೀಚೆ ಇಲ್ಲ. ಬಲಗಡೆಯದನ್ನು ಅಳೆದ. ಒಂದು ಬದಿ ಐದು, ಇನ್ನೊಂದು ಬದಿ ನಾಲ್ಕೂಮುಕ್ಕಾಲು.

“ನೋಡ್ರಿ, ಮಷೀನ ಅಂದ್ರ ಹಿಂಗ!” ಎಂದು ಎಡಗಡೆಯ ಗುಂಪನ್ನು ಎತ್ತಿ ಹಿಡಿದ. ಅದು ಮೋನಮ್ಮ ಕತ್ತರಿಸಿದ್ದು. “ಮೋನಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ವಯಸ್ಸಾತು, ಕೈ ನಡಗತಾವ.”

“ಸಾವುಕಾರ್ರ, ತಪ್ಪು ತಿಳಕೊಂಡೀರಿ. ನಿಮ್ಮ ಕೈಯಾಗಿನವು ನನ್ನವ ರೀ.”

ಸಾವುಕಾರ ಹೊಟ್ಟೆ ಕುಣಿಯುವ ಹಾಗೆ ನಕ್ಕ. “ಕೈಲೆ ಕತ್ತರಿಸಿದ್ದು ಇಷ್ಟು ಸಮ ಬರ್ತದೇನು? ಬರ್ತಿದ್ರ ನಾ ಹೈದ್ರಾಬಾದಿಂದ ಮಷೀನ ಯಾಕ ತರ್ತಿದ್ದೆ?”

ಮೋನಮ್ಮ ಕುಬ್ರಾಳ ಕಡೆ ನೋಡಿದಳು.

“ಖರೇನ ರೀ, ಅವು ಮೋನವ್ವನವ,” ಎಂದಳು ಕುಬ್ರಾ.

“ಮುದುಕಿ ಮ್ಯಾಲ ಕರುಣಾ ಅದ ನಿನಗ. ಇರಬೇಕು, ಚಲೋ ಗುಣ.”

“ಹಂಗಾರ ಬಟ್ಟಿ ಹಾಸಿ ಕೊಡಾಕರ ಒಬ್ಬರು ಬೇಕ್ರಿ. ನನಗ ಕೆಲಸ ಪೂರಾ ಬರೋತನಕ ಮೋನವ್ವ ಇರಲ್ರಿ.”

ಸಾವುಕಾರ ಅಳತೆಪಟ್ಟಿ ಕೆಳಗಿಟ್ಟ. “ಮಷೀನಿನ ಕೈಕೆಳಗ ಇರ್ತಾಳಂದ್ರ ಇರಲಿ. ನಿನಗ ಬಂದ ಮ್ಯಾಲ ಆಕಿ ಮನಿಗಿ ಹೋಗಲಿ.” ದೊಡ್ಡ ಮನಸ್ಸಿನ ಮನುಷ್ಯ! ಮೋನಮ್ಮನ ಇಪ್ಪತ್ತು ಚೌಕಗಳನ್ನು ಲಕೋಟೆಯಲ್ಲಿ ಹಾಕಿ, ಮೇಲೆ ‘ಮಷೀನ್ ಕಟಿಂಗ್’ ಎಂದು ಬರೆದು ಜೇಬಿಗಿಟ್ಟುಕೊಂಡ. “ಇದು ಸ್ಯಾಂಪಲ್. ಶನಿವಾರದೊಳಗ ಇಂಥವ ಎರಡು ನೂರು ಬೇಕು. ಒಂದು ಎಳಿ ಹೆಚ್ಚುಕಮ್ಮಿ ಆದ್ರ ಮಷೀನ ಎತ್ತಿ ಶಹಾಪುರದವರಿಗೆ ಕೊಡ್ತೀನಿ.”

ಅವನ ಗಾಡಿಯ ಸದ್ದು ದೂರವಾದ ಮೇಲೆ ಕುಬ್ರಾ ಸೊಟ್ಟ ತುಂಡುಗಳನ್ನು ಮುಂದೆ ಹರವಿಕೊಂಡು ಕಣ್ಣಲ್ಲಿ ನೀರು ತಂದಳು. “ಮಷೀನ ಹೋದ್ರ ನಾನೂ ಹೋದಂಗ ಯವ್ವಾ. ಅಲ್ಲಿ ಕಲಿಸಿದಂಗನ ಮಾಡೀನಿ. ಎಲ್ಲಿ ತಪ್ಪಾಕತ್ತದ ತಿಳಿವಲ್ದು. ನಿನಗೇನರ ತಿಳೀತದೇನು?”

ಮೋನಮ್ಮ ಒಂದು ತುಂಡನ್ನು ಎತ್ತಿಕೊಂಡು ಸೀರೆಯ ಉದ್ದಕ್ಕೆ ಓಡುವ ಹಾಸಿನ ಎಳೆ ಹಿಡಿದು ಎಳೆದಳು. ಬಟ್ಟೆ ಬಿಗಿಯಾಗಿ ನಿಂತಿತು. ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಹಿಡಿದು ಎಳೆದಳು. ಹಿಗ್ಗಿ, ಬಿಟ್ಟ ಕೂಡಲೇ ಕುಗ್ಗಿತು. ಅವಳಿಗೆ ತಿಳಿದುಹೋಯಿತು. ಹುಡುಗಿ ಬಟ್ಟೆಯನ್ನು ಅಡ್ಡ ಕೊಟ್ಟಿದ್ದಾಳೆ. ಉರುಳೆ ಅದನ್ನು ಹಿಗ್ಗಿಸಿ ಕತ್ತರಿಸಿದೆ, ಹೊರಬಂದ ಬಟ್ಟೆ ಮತ್ತೆ ಕುಗ್ಗಿದೆ. ಹಾಸು ಹಿಡಿದು ಉದ್ದ ಕೊಟ್ಟರೆ ಆ ಮಷೀನು ಸಾವಿರ ಚೌಕ ಕೊಟ್ಟರೂ ಒಂದೂ ತಪ್ಪಲಾರದು.

ಒಂದು ಮಾತಿನ ಕೆಲಸ. ಮಾತು ನಾಲಿಗೆಯ ತುದಿಗೂ ಬಂತು. ತನ್ನ ಪರವಾಗಿ ಎರಡು ಸಲ ಬಾಯಿ ತೆರೆದ ಹುಡುಗಿಯ ಮುಖ ನೋಡಿ ಮೋನಮ್ಮನಿಗೆ ನಾಚಿಕೆಯಾಯಿತು. ಹೊರಗೆ ನಾಟಿಯ ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರೊಂದು ಗಡಗಡಿಸುತ್ತ ಹೋಯಿತು. ಅವಳು ಅದು ಮರೆಯಾಗುವವರೆಗೆ ಕಿಟಕಿಯಲ್ಲಿ ನೋಡಿದಳು.

“ಮಷೀನಿಗಿ ನಿನ್ನ ಕೈ ಇನ್ನಾ ಪಳಗಿಲ್ಲವ್ವ,” ಎಂದಳು. “ಬಾಗಲಾ ಮುಚ್ಚು, ಕತ್ರಿ ಕೊಡು.”