ಕೊನೆಯಿಲ್ಲದ ಪುಸ್ತಕಗಳು

ಈ ಸಲವೂ ಕೊನೆಯ ಹಾಳೆ ಇರಲಿಲ್ಲ.

ಸುಮಂಗಲಾ ಟೀಚರ್ ಕಾದಂಬರಿಯನ್ನು ಬಿಡಿಸಿ ಎಲ್ಲರಿಗೂ ತೋರಿಸಿದರು. ಟಿಕೋಟಾದ ಅವರ ಪಡಸಾಲೆಯಲ್ಲಿ ಪ್ರತಿ ಭಾನುವಾರ ಹೆಂಗಸರು ಸೇರುತ್ತಾರೆ. ಇಡೀ ಕೂಟಕ್ಕೆ ಪುಸ್ತಕ ಒಂದೇ. ಅದು ಮನೆಯಿಂದ ಮನೆಗೆ ಹೋಗಿ ಬಂದ ಮೇಲೆ ಒಬ್ಬೊಬ್ಬರೂ ತಮಗನಿಸಿದ್ದು ಹೇಳಬೇಕು. ಈಚೆಗೆ ಯಾವ ಕಥೆಗೂ ಕೊನೆಯೇ ಇಲ್ಲ.

ಎಲ್ಲರ ಕಣ್ಣು ಜುಲೇಖಾಳ ಮೇಲೆ. ಅವಳ ಮನೆಯಲ್ಲಿ ಸಣ್ಣ ಮಗನಿದ್ದಾನೆ.

“ನದೀಮ ಪುಸ್ತಕ ಮುಟ್ಟೂದಿಲ್ರಿ. ನನ್ನ ಕೈಗೆ ಬಂದಾಗ್ಲೇ ಹಾಳಿ ಇರಲಿಲ್ಲ.”

“ನಿನಗಿಂತ ಮೊದಲ ಅದು ಹೋಗೂದು ರುಕ್ಮವ್ವನ ಮನಿಗೆ,” ಎಂದರು ಟೀಚರ್. “ಓದಾಕ ಬರದಾಕಿ ಹಾಳಿ ಹರಕೊಂಡು ಏನ ಮಾಡ್ತಾಳ?”

“ಚಟ್ನಿ ಹಚ್ಚಿಕೊಂಡ ತಿಂದೇನ್ರಿ!” ಎಂದಳು ರುಕ್ಮವ್ವ.

ಎಲ್ಲರೂ ನಕ್ಕರು. ವಿಜಯಪುರದಲ್ಲಿ ಬಸ್ಸು ಬದಲಿಸಿ ಸಾರವಾಡದಿಂದ ಬರುವ ಈ ವಿಧವೆ ಮುದುಕಿ ಇಲ್ಲದಿದ್ದರೆ ಕೂಟಕ್ಕೆ ಕಳೆಯೇ ಇಲ್ಲ. ಮೊಮ್ಮಗಳು ಪೂನಮ ಓದಿ ಹೇಳುತ್ತಾಳಂತೆ. ಆ ಹುಡುಗಿಯನ್ನು ಇಲ್ಲಿ ಯಾರೂ ಕಂಡಿಲ್ಲ. ಪುಸ್ತಕ ಮೊದಲು ಸಿಗುವುದು ರುಕ್ಮವ್ವನಿಗೆ. ಆದರೆ ಅವಳು ಮಾತಾಡುವುದು ಮಾತ್ರ ಎಲ್ಲರ ಮಾತನ್ನೂ ಕಿವಿಗೊಟ್ಟು ಕೇಳಿದ ಮೇಲೆ.

“ಆಯಿ, ನಿನಗ ಹೆಂಗನಿಸ್ತು?” ಎಂದು ಕೊನೆಗೆ ಒಬ್ಬಳು ರುಕ್ಮವ್ವನನ್ನು ಕೇಳಿದಳು.

“ಯವ್ವಾ, ಆ ಸೊಸಿ ದುಃಖ ಕೇಳಿ ನಾ ಎಷ್ಟ ಅತ್ನೆಂದ್ರ, ಡೋಣಿ ಹೊಳಿ ದಂಡಿ ಮೀರಿ ಹರೀತು! ಊರ ಮಂದಿ ಎಮ್ಮಿ ಹಗ್ಗ ಬಿಚ್ಚಿ ಮಾಳಗಿ ಮ್ಯಾಲ ಹತ್ತಿಸಿದ್ರು!”

“ಕೊನಿಗೆ ಸೊಸಿ ತವರಿಗೆ ಹೋದ್ಲೋ ಇಲ್ಲೋ?”

“ಪೂನಮ ಇನ್ನೂ ಹೇಳಿಲ್ಲಬೇ. ದಿನಾ ಕೇಳಾಕತ್ತೇನಿ. ಭಾಳ ಹಟಮಾರಿ ಅದಾಳ.”

ಮಾತು ಮತ್ತೆ ಹರಿದ ಹಾಳೆಗೆ ಬಂತು. ಟೀಚರ್ ಜುಲೇಖಾಳ ಕಡೆ ತಿರುಗಿದರು. “ಬರೂ ವಾರದೊಳಗ ಹಾಳಿ ಸಿಗದಿದ್ರ ನಿನಗ ಇನ್ನ ಪುಸ್ತಕ ಇಲ್ಲ.”

ಜುಲೇಖಾ ಸೆರಗಿನ ತುದಿ ಹಿಂಡಿದಳು. ಮದುವೆಗಾಗಿ ಶಾಲೆ ಬಿಟ್ಟವಳಿಗೆ ಮತ್ತೆ ಸಿಕ್ಕ ಅಕ್ಷರವೆಂದರೆ ಇದೊಂದೇ. ಇನ್ನು ತನ್ನ ಮಾನ ಉಳಿಸಬಲ್ಲವಳು ಪೂನಮ ಮಾತ್ರ. ಹಾಳೆ ಎಲ್ಲಿ ಹೋಯಿತೆಂದು ಅವಳನ್ನೇ ಕೇಳಬೇಕು.

ಶನಿವಾರ ಅವಳು ಸಾರವಾಡಕ್ಕೆ ಹೋದಳು. ರುಕ್ಮವ್ವನ ಮನೆಗೆ ಕೀಲಿ ಹಾಕಿತ್ತು. “ಪೂನಮ ಎಲ್ಲಿ ಸಿಗ್ತಾಳ್ರಿ?” ಎಂದದ್ದಕ್ಕೆ ಪಕ್ಕದ ಮನೆಯ ರಾಚವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಹೊಲದ ಕಡೆ ಕೈ ತೋರಿಸಿದಳು.

ಭಾನುವಾರ ಜುಲೇಖಾ ತಲೆ ಎತ್ತಲಿಲ್ಲ.

“ಹಾಳಿ ಎಲ್ಲಾ ನಾನ ಹರದೇನ್ರಿ.”

ರುಕ್ಮವ್ವನ ಬಾಯಿಂದ ಮೊದಲ ಬಾರಿಗೆ ಮಾತು ಹೊರಡಲಿಲ್ಲ. ಟೀಚರ್ ಬಾಗಿಲ ಕಡೆ ನೋಡಿದರು. ಜುಲೇಖಾ ಎದ್ದು ಚಪ್ಪಲಿ ಮೆಟ್ಟಿದಳು. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳಿಕೊಂಡಳು.

“ಹೊಸಾ ಪುಸ್ತಕ ಬಂದ್ರ ಮೊದಲ ಆಯಿಗೇ ಕೊಡ್ರಿ.”

ಹಿಂದಿನ ದಿನ ಹೊಲದ ಬದುವಿನಲ್ಲಿ ಅವಳು ಕಂಡದ್ದು ಪೂನಮಳ ಗೋರಿ; ಅದರ ಮೇಲೆ ಗಾಳಿಗೆ ಹಾರದಂತೆ ಕಲ್ಲು ಹೇರಿದ ಕೊನೆಯ ಹಾಳೆಗಳು; ಪಕ್ಕದಲ್ಲಿ ಕುಳಿತ ರುಕ್ಮವ್ವ ಗೋಗರೆಯುತ್ತಿದ್ದಳು: “ಅವತ್ತ ಪುಸ್ತಕ ಎಲ್ಲಾ ಓದಿ ಹೇಳಿ ಕೊನಿ ಹಾಳಿ ಒಂದ ಉಳಿಸಿ ಹೋದೆಲ್ಲ ನನ್ನವ್ವಾ, ಈಗರೆ ಓದು.”