ನೀರಿಗೆ ಬಿಟ್ಟ ಹಗ್ಗ

ಮಲ್ಪೆ ಮುಳುಗಿದ ಮೇಲೆ ಊರೆಲ್ಲ ದೋಣಿಗಳಲ್ಲೇ ವಾಸ. ಮದುವೆಯೆಂದರೆ ಇಬ್ಬರ ದೋಣಿಗಳನ್ನು ಒಂದೇ ಹಗ್ಗದಲ್ಲಿ ಬಿಗಿಯುವುದು. ಸುಗಂಧಿಯ ಗಂಡ ದಯಾನಂದ ತನ್ನ ದೋಣಿಯ ಗಂಟು ಬಿಚ್ಚಿಕೊಂಡು ಇನ್ನೊಬ್ಬಳ ಬಳಿಗೆ ಹೋದ. ಮರಳಿ ಬಂದಾನೆಂದು ಸುಗಂಧಿ ಆ ಹಗ್ಗವನ್ನು ನೀರಿನಲ್ಲೇ ಇಳಿಬಿಟ್ಟಿದ್ದಳು.

ಸಂಜೆ ಚಂಡಮಾರುತದ ಸೈರನ್ ಕೂಗಿತು. ಅಂಥ ಗಾಳಿಗೆ ಒಂಟಿ ದೋಣಿ ಉಳಿಯುವುದಿಲ್ಲ.

ಪಕ್ಕದ ದೋಣಿಯಿಂದ ಬೇಬಿಯಕ್ಕ ಕರೆದರು. “ಹಗ್ಗ ಇತ್ತ ಬಿಸಾಡು ಮಾರಾಯ್ತಿ!”

“ಅವ್ರು ಬಂದ್ರೆ ಎಲ್ಲಿಗೆ ಕಟ್ಟುದು ಅಕ್ಕ?”

“ನೀನು ಮುಳುಗಿದ್ರೆ ಅವ ಬಂದು ಮೀನಿಗೆ ತಾಳಿ ಕಟ್ಟುದಾ?”

ಸುಗಂಧಿಗೆ ನಗು ಬಂತು. ಪಾಚಿ ಹಿಡಿದ ಹಗ್ಗವನ್ನು ಮೇಲೆಳೆದು ಎಸೆದಳು. ಬೇಬಿಯಕ್ಕ ಗಂಟು ಬಿಗಿದರು. ದೋಣಿಯ ಹೊಯ್ದಾಟ ನಿಂತಿತು.

ಆಚೆ ಬದಿಯಲ್ಲಿ ಶೀನಜ್ಜನ ದೋಣಿ ಒಂಟಿಯಾಗಿ ತೂಗಾಡುತ್ತಿತ್ತು. ಸುಗಂಧಿ ಎದ್ದುನಿಂತು ಕೂಗಿದಳು: “ಅಜ್ಜ, ನಿಮ್ಮ ಹಗ್ಗ ಇತ್ತ ಬಿಸಾಡಿ!”